ರಿಪೇರಿ ಕೌಂಟರ್ ಬಿಡಬೇಡ

ಕಳೆದ ವಾರ ಒಬ್ಬ ಹುಡುಗಿಯಿಂದ ಮೆಸೇಜ್ ಬಂತು. ಪರಿಚಯದವರ ಪರಿಚಯ. ಈ ದೇಶಕ್ಕೆ ಬಂದು ಏಳು ತಿಂಗಳಾಗಿದೆಯಂತೆ. "ಅಕ್ಕ, ಒಂದು ದೊಡ್ಡ ಬ್ರ್ಯಾಂಡ್‌ನಲ್ಲಿ ಸೇಲ್ಸ್‌ಗೆ ಅಪ್ಲೈ ಮಾಡಿದ್ದೆ. ಸೇಲ್ಸ್ ಕೊಡಲಿಲ್ಲ. ರಿಪೇರಿ ಕೌಂಟರ್‌ನಲ್ಲಿ ಕೂರೋಕೆ ಹೇಳ್ತಿದ್ದಾರೆ. ಅಲ್ಲಿ ಸೇರಿದ್ರೆ ಅಲ್ಲೇ ಉಳಿದುಬಿಡ್ತೀನೇನೋ ಅಂತ ಭಯ. ಬೇಡ ಅಂದುಬಿಡ್ಲಾ?"

"ಬೇಡ ಅನ್ನಬೇಡ, ಸೇರಿಕೋ" ಅಂತ ಆಗಲೇ ಉತ್ತರ ಕಳಿಸಿದೆ. ಕಳಿಸಿದ ಮೇಲೆ ಸಮಾಧಾನ ಆಗಲಿಲ್ಲ. ಯಾಕೆ ಸೇರಬೇಕು ಅನ್ನುವುದು ಎರಡು ಸಾಲಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ನಾನು ಈಗ ಮ್ಯಾನೇಜರ್ ಆಗಿರುವ ಸ್ಟೋರ್‌ನಲ್ಲಿ 22 ಜನ ಕೆಲಸ ಮಾಡುತ್ತಾರೆ. ಚರ್ಮದ ಬ್ಯಾಗು, ವಾಚು, ಒಡವೆ, ರೇಷ್ಮೆ ಸ್ಕಾರ್ಫು ಎಲ್ಲ ಇದೆ. ನಾನು ಇಲ್ಲಿಗೆ ಬಂದದ್ದು ಅಂಥದೇ ಒಂದು ರಿಪೇರಿ ಕೌಂಟರ್‌ನಿಂದ. ಅದಕ್ಕೇ ಕೂತು ಎಲ್ಲ ಬರೆಯುತ್ತಿದ್ದೇನೆ.

ನಾನು ಓದಿದ್ದು ಕಾಮರ್ಸ್. ಆರು ವರ್ಷ ಒಂದು ಕಂಪನಿಯ ಲೆಕ್ಕ ನೋಡಿಕೊಂಡಿದ್ದೆ. ಗಂಡನ ಕೆಲಸದ ಜೊತೆ ಇಲ್ಲಿಗೆ ಬಂದ ಮೇಲೆ, ನನ್ನ ಡಿಗ್ರಿ ಇಲ್ಲಿನ ಯಾವ ಡಿಗ್ರಿಗೆ ಸಮ ಅಂತ ತೋರಿಸುವ ಕಾಗದ ತರಿಸಲು ಐದು ತಿಂಗಳು ಹಿಡಿಯಿತು. ಕಾಗದ ಬಂತು, ಕೆಲಸ ಬರಲಿಲ್ಲ. ಹೋದ ಕಡೆಯೆಲ್ಲ ಒಂದೇ ಪ್ರಶ್ನೆ: "ಇಲ್ಲಿ ಕೆಲಸ ಮಾಡಿದ ಅನುಭವ ಇದೆಯಾ?" ಯಾರಾದರೂ ಮೊದಲ ಕೆಲಸ ಕೊಟ್ಟರೆ ತಾನೇ ಅನುಭವ ಆಗುವುದು? ಬಂದು ಒಂದು ವರ್ಷವಾದರೂ ಮನೆಯಲ್ಲೇ ಇದ್ದೆ.

ದಿನಾ ಬಸ್ಸಿಗೆ ಕಾಯುವ ಜಾಗದ ಎದುರಿಗೆ ಒಂದು ಅಂಗಡಿ ಇತ್ತು. ನಾಲ್ಕು ಆಳು ಅಗಲದ ಗಾಜಿನ ಕಿಟಕಿ. ಅದರಲ್ಲಿ ಒಂದೇ ಒಂದು ಬ್ಯಾಗು, ಅದರ ಮೇಲೆ ಒಂದೇ ಒಂದು ದೀಪ. ಇಷ್ಟು ಜಾಗಕ್ಕೆ ಒಂದೇ ಬ್ಯಾಗ್ ಇಟ್ಟರೆ ಬಾಡಿಗೆ ಹೇಗೆ ಹುಟ್ಟುತ್ತದೆ ಅನ್ನುವುದು ನನ್ನ ತಲೆಗೆ ಬಂದ ಮೊದಲ ಯೋಚನೆ. ಲೆಕ್ಕದವಳು ನಾನು, ಅದೇ ಬರಬೇಕು. ಆ ಪ್ರಶ್ನೆ ಬಿಡಲೇ ಇಲ್ಲ. ಒಂದು ದಿನ ಬಸ್ಸು ಹತ್ತದೆ ರಸ್ತೆ ದಾಟಿದೆ. ಒಳಗೆ ಹೋಗಿ ಕೆಲಸ ಇದೆಯಾ ಅಂತ ಕೇಳಿದೆ.

ಇಂಟರ್‌ವ್ಯೂ ಮಾಡಿದವರು ಮರ್ಯಾದೆಯಿಂದಲೇ ಮಾತನಾಡಿಸಿದರು. ಕೊನೆಗೆ ಹೇಳಿದರು, "ನಿಮ್ಮ ಲೆಕ್ಕ ಚೆನ್ನಾಗಿದೆ. ಆದರೆ ನೀವು ಮಾತಾಡುವ ಧಾಟಿ ನಮ್ಮ ಗಿರಾಕಿಗಳಿಗೆ ಹಿಡಿಸಲಿಕ್ಕಿಲ್ಲ. ಕೆಳಗೆ ಆಫ್ಟರ್ ಸೇಲ್ಸ್‌ನಲ್ಲಿ, ಅಂದರೆ ರಿಪೇರಿ ಕೌಂಟರ್‌ನಲ್ಲಿ, ಒಂದು ಜಾಗ ಖಾಲಿ ಇದೆ." ಆ ಮಾತು ಎಷ್ಟು ಚುಚ್ಚಿತು ಅಂದರೆ, ಮನೆಗೆ ಬಂದು ಗಂಡನಿಗೂ ಹೇಳಲಿಲ್ಲ. ಕೆಲಸ ಸಿಕ್ಕಿತು ಅಂತ ಮಾತ್ರ ಹೇಳಿದೆ. ಹಾಗಾಗಿ ಈ ಹುಡುಗಿಗೆ ಏನು ಅನಿಸುತ್ತಿದೆ ಅಂತ ನನಗೆ ಚೆನ್ನಾಗಿ ಗೊತ್ತು.

ಕೌಂಟರ್ ಇದ್ದದ್ದು ನೆಲಮಾಳಿಗೆಯಲ್ಲಿ, ಲಿಫ್ಟ್ ಪಕ್ಕ. ಮೇಲಿನ ದಪ್ಪ ಕಾರ್ಪೆಟ್ ಇಲ್ಲಿಲ್ಲ, ಹೂವಿಲ್ಲ. ಒಂದು ಮೇಜು. ಅದರ ಮೇಲೆ ಮೆತ್ತನೆ ಬಟ್ಟೆ ಹಾಸಿದ ಟ್ರೇ, ಒಂದು ದೀಪ, ಒಂದು ಭೂತಗನ್ನಡಿ, ಒಂದು ಅಳತೆ ಪಟ್ಟಿ, ಚೀಟಿಗಳ ಕಟ್ಟು. ಮೇಜಿನ ಹಿಂದೆ ಸುಮಾರು 60 ವಯಸ್ಸಿನ ಒಬ್ಬ ಹೆಂಗಸು. ಅವರೂ ಎಷ್ಟೋ ವರ್ಷ ಹಿಂದೆ ಬೇರೆ ದೇಶದಿಂದ ಬಂದವರೇ. ನನ್ನನ್ನು ನೋಡಿ ಮೊದಲು ಹೇಳಿದ್ದು, "ಕೈ ತೋರಿಸಿ." ಉಂಗುರ ತೆಗೆಸಿದರು. ಉಂಗುರದ ಕಲ್ಲು ತಾಗಿದರೆ ಚರ್ಮಕ್ಕೆ ಗೀರು ಬೀಳುತ್ತದೆ. ಈಗ ನನ್ನ ಸ್ಟೋರ್‌ಗೆ ಹೊಸದಾಗಿ ಸೇರಿದವರಿಗೂ ನಾನು ಮೊದಲು ಹೇಳುವುದು ಅದನ್ನೇ.

ಅವರು ಕಲಿಸಿದ್ದು ಬರೆಯುವುದನ್ನು. ರಿಪೇರಿಗೆ ಒಂದು ವಸ್ತು ಬಂದರೆ, ಗಿರಾಕಿಯ ಎದುರಿಗೇ ಅದರ ಸ್ಥಿತಿ ಬರೆದುಕೊಳ್ಳಬೇಕು. ಆಮೇಲೆ ಅವರ ಸಹಿ. ನಾನು ಮೊದಲ ದಿನ "ಬ್ಯಾಗ್ ಹಳೆಯದಾಗಿದೆ, ಮೂಲೆ ಹಾಳಾಗಿದೆ" ಅಂತ ಬರೆದಿದ್ದೆ. ಅವರು ಚೀಟಿ ವಾಪಸ್ ಕೊಟ್ಟರು. "ಎಲ್ಲಿ, ಎಷ್ಟು, ಹೇಗೆ ಅಂತ ಬರೆಯಿರಿ. ಚೀಟಿ ಓದಿದವರಿಗೆ ಬ್ಯಾಗು ಕಣ್ಣ ಮುಂದೆ ಬರಬೇಕು." ಮತ್ತೆ ಬರೆದೆ: ಎಡಗಡೆ ಕೆಳಮೂಲೆ, ಒಂದು ಸೆಂಟಿಮೀಟರ್ ಉದ್ದ, ಬಣ್ಣ ಸವೆದು ಒಳಗಿನ ಚರ್ಮ ಕಾಣುತ್ತಿದೆ, ಹೊಲಿಗೆ ಬಿಟ್ಟಿಲ್ಲ. ಜಿಪ್ಪಿನ ಮೂರು ಹಲ್ಲು ಸಡಿಲ. ಒಳಗಿನ ಲೈನಿಂಗ್ ಮೇಲೆ ಶಾಯಿ ಕಲೆ, ನಾಣ್ಯದಷ್ಟು ಅಗಲ. ಹೀಗೆ ದಿನಕ್ಕೆ ಹದಿನೈದು ಇಪ್ಪತ್ತು ಚೀಟಿ. ಸವೆತಕ್ಕೆ ಒಂದು ಪದ, ಬಿರುಕಿಗೆ ಒಂದು ಪದ, ಬಣ್ಣ ಮಾಸಿದ್ದಕ್ಕೆ ಒಂದು ಪದ. ಅಲ್ಲಿನ ಭಾಷೆಯನ್ನು ನಾನು ನಿಜವಾಗಿ ಕಲಿತದ್ದು ಈ ಚೀಟಿಗಳಲ್ಲಿ. ನಾನು ಸೇರಿದ್ದ ಕ್ಲಾಸಿನಲ್ಲಿ ಹವಾಮಾನದ ಬಗ್ಗೆ ಮಾತಾಡುವುದು ಹೇಗೆ ಅಂತ ಹೇಳಿಕೊಡುತ್ತಿದ್ದರು. ಹೊಲಿಗೆ ಬಿಚ್ಚಿದ್ದನ್ನು ಹೇಗೆ ಹೇಳಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ವಿಷಯ ಮೆಲ್ಲಗೆ ಅರ್ಥವಾಯಿತು. ರಿಪೇರಿಗೆ ಬಂದವರು ನನ್ನ ಉಚ್ಚಾರಣೆ ಗಮನಿಸುವುದೇ ಇಲ್ಲ. ಅವರ ಮನಸ್ಸೆಲ್ಲ ಮುರಿದ ವಸ್ತುವಿನ ಮೇಲೆ. ನಾನು ಸರಿಯಾಗಿ ನೋಡುತ್ತೇನಾ, ಸರಿಯಾಗಿ ಕೇಳುತ್ತೇನಾ, ಅಷ್ಟೇ ಅವರಿಗೆ ಬೇಕು. ಮೇಲಿನ ಮಹಡಿಯಲ್ಲಿ ನನ್ನ ಮಾತು ಹಿಡಿಸಲಿಕ್ಕಿಲ್ಲ ಅಂದರಲ್ಲ, ಅದೇ ಗಿರಾಕಿಗಳು ಕೆಳಗೆ ಬಂದು ಅರ್ಧ ಗಂಟೆ ನನ್ನ ಜೊತೆ ಮಾತಾಡುತ್ತಿದ್ದರು.

ಒಬ್ಬರು ವಕೀಲೆ ಬರುತ್ತಿದ್ದರು. ಫೈಲು ತುಂಬಿ ತುಂಬಿ ಅವರ ಬ್ಯಾಗಿನ ಹಿಡಿಯ ಹೊಲಿಗೆ ಒಂದು ಕಡೆ ಕಡಿದಿತ್ತು. "ಕಡಿದು ಎರಡು ತಿಂಗಳಾಯಿತು, ಆದರೂ ಹಿಡಿ ಕಿತ್ತು ಬಂದಿಲ್ಲವಲ್ಲ, ಯಾಕೆ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಹಿರಿಯಾಕೆ ಭೂತಗನ್ನಡಿ ಕೊಟ್ಟು ತೋರಿಸಿದರು. ಮಷೀನ್ ಹೊಲಿಗೆಯಲ್ಲಿ ಎರಡು ದಾರ ಇರುತ್ತದೆ, ಒಂದು ಮೇಲೆ, ಒಂದು ಕೆಳಗೆ. ಎರಡೂ ಒಂದನ್ನೊಂದು ಕೊಕ್ಕೆ ಹಾಕಿಕೊಂಡಿರುತ್ತವೆ. ಒಂದು ಕಡಿದರೆ ಪಕ್ಕದ ಹೊಲಿಗೆಗಳೂ ಸಡಿಲವಾಗಿ ಬಿಚ್ಚುತ್ತಾ ಹೋಗುತ್ತವೆ. ಈ ಬ್ಯಾಗಿನ ಹಿಡಿಯದು ಕುದುರೆ ಜೀನು ಹೊಲಿಯುವವರ ಕೈ ಹೊಲಿಗೆ, ಅದು ಬೇರೆ. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಪ್ರತಿ ತೂತಿನಲ್ಲೂ ಎರಡು ಸೂಜಿ ಎದುರುಬದುರಾಗಿ ದಾಟುತ್ತವೆ. ಒಂದು ಕಡೆ ಕಡಿದರೂ ಇನ್ನೊಂದು ಕಡೆಯದು ಹಿಡಿದುಕೊಂಡಿರುತ್ತದೆ. ದಾರಕ್ಕೆ ಮೇಣ ಬಳಿದಿರುವುದರಿಂದ ಅದು ಜಾರುವುದೂ ಕಡಿಮೆ. ಮಷೀನಿನಲ್ಲಿ ಈ ಹೊಲಿಗೆ ಬರುವುದಿಲ್ಲ, ಕೈಯಲ್ಲೇ ಆಗಬೇಕು.

ನಾನು ಅದನ್ನು ವಕೀಲೆಗೆ ನನಗೆ ಬಂದ ಹಾಗೆ ಹೇಳಿದೆ. ಅವರು ಮೇಲೆ ಹೋಗಿ ತಂಗಿಗೆ ಅಂಥದೇ ಇನ್ನೊಂದು ಬ್ಯಾಗ್ ತೆಗೆದುಕೊಂಡರಂತೆ. "ಕೆಳಗಿನ ಹುಡುಗಿ ವಿವರಿಸಿದಳು" ಅಂದರಂತೆ. ಮೇಲಿನ ಮಹಡಿಯಲ್ಲಿ ನನ್ನ ಬಗ್ಗೆ ಮಾತು ಬಂದದ್ದು ಅದೇ ಮೊದಲು.

ವಾಚುಗಳದ್ದು ಇನ್ನೂ ದೊಡ್ಡ ಪಾಠ. ಒಬ್ಬರು ಸಿಟ್ಟಿನಲ್ಲಿ ಬಂದರು. ಹೊಸ ವಾಚು, ದಿನಕ್ಕೆ ಕೆಲವು ನಿಮಿಷ ಮುಂದೆ ಓಡುತ್ತಿದೆ. ಮೋಸ ಮಾಡಿದ್ದೀರಿ ಅಂದರು. ಒಳ್ಳೆಯ ಮೆಕ್ಯಾನಿಕಲ್ ವಾಚು ದಿನಕ್ಕೆ ಕೆಲವು ಸೆಕೆಂಡ್ ಆಚೆ ಈಚೆ ಆಗುವುದು ಸಹಜ. ವಾಚು ಎಷ್ಟು ನಿಖರ ಅಂತ ನೋಡುವ ಸ್ವಿಸ್ ಕ್ರೋನೋಮೀಟರ್ ಪರೀಕ್ಷೆಯಲ್ಲಿ ಪಾಸಾದ ವಾಚಿಗೂ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಹೋಗಲು ಅವಕಾಶ ಇದೆ. ಆದರೆ ನಿಮಿಷಗಟ್ಟಲೆ ಅಂದರೆ ಬೇರೆ ಏನೋ ಆಗಿದೆ. ಹಿರಿಯಾಕೆ ಕೇಳಿದ್ದು ಒಂದೇ: "ರಾತ್ರಿ ವಾಚು ಎಲ್ಲಿ ಇಡುತ್ತೀರಿ?" ಟ್ಯಾಬ್ಲೆಟ್ ಕವರ್ ಮೇಲೆ. ಆ ಕವರಿನಲ್ಲಿ ಅಯಸ್ಕಾಂತ. ವಾಚಿನ ಒಳಗೆ ಕೂದಲೆಳೆಯಂಥ ಸುರುಳಿ ಸ್ಪ್ರಿಂಗ್ ಇರುತ್ತದೆ. ಬ್ಯಾಲೆನ್ಸ್ ಚಕ್ರ ಅನ್ನುವ ಸಣ್ಣ ಚಕ್ರ ಆಚೆ ಈಚೆ ಆಡುವ ವೇಗ ಆ ಸ್ಪ್ರಿಂಗಿನ ಕೈಯಲ್ಲಿ. ಈಗಿನ ಬಹಳ ವಾಚುಗಳಲ್ಲಿ ಬ್ಯಾಲೆನ್ಸ್ ಚಕ್ರ ಗಂಟೆಗೆ 28,800 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ 8 ಸಲ. ಅಯಸ್ಕಾಂತದ ಗಾಳಿ ತಾಗಿದರೆ ಆ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ, ಸ್ಪ್ರಿಂಗ್ ಗಿಡ್ಡವಾದ ಹಾಗಾಗುತ್ತದೆ, ವಾಚು ಮುಂದೆ ಓಡಲು ಶುರು. ಸಣ್ಣ ಪೆಟ್ಟಿಗೆಯಂಥ ಒಂದು ಯಂತ್ರದ ಮೇಲಿಟ್ಟು ಗುಂಡಿ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಸರಿಹೋಗುತ್ತದೆ. ಅವರ ಕಣ್ಣೆದುರೇ ಮಾಡಿಕೊಟ್ಟೆವು. ದುಡ್ಡು ತೆಗೆದುಕೊಳ್ಳಲಿಲ್ಲ. ಮುಂದಿನ ಹತ್ತು ವರ್ಷ ಅವರು ಏನು ಕೊಳ್ಳುವುದಿದ್ದರೂ ನನ್ನ ಹೆಸರು ಹೇಳಿ ಕೇಳಿಕೊಂಡು ಬಂದರು. ನಾನು ಕೆಲಸ ಬದಲಾಯಿಸಿದಾಗ ಹೊಸ ಸ್ಟೋರ್‌ಗೂ ಬಂದರು.

ಈಗ ನನ್ನ ತಪ್ಪಿನ ವಿಷಯ ಹೇಳಬೇಕು. ಇದನ್ನು ಹೇಳದೆ ಮುಂದೆ ಹೋಗಲಾರೆ.

ಎರಡನೇ ವರ್ಷ. ಹಿರಿಯಾಕೆ ರಜೆಯಲ್ಲಿದ್ದರು. ಒಬ್ಬ ಹುಡುಗ ಚಿನ್ನದ ವಾಚು ತಂದ. ನಿಂತುಹೋಗಿತ್ತು. ಪೂರ್ತಿ ಸರ್ವಿಸ್ ಬೇಕು. 18 ಕ್ಯಾರಟ್ ಚಿನ್ನ, ಅಂದರೆ ಸಾವಿರಕ್ಕೆ 750 ಪಾಲು ಚಿನ್ನ. ಉಕ್ಕಿಗಿಂತ ತುಂಬಾ ಮೆತ್ತಗಿರುತ್ತದೆ, ಗೀರು ಬೇಗ ಬೀಳುತ್ತದೆ. ಆ ವಾಚಿನ ಅಂಚಿನಲ್ಲೆಲ್ಲ ಗೀರುಗಳು. ಬಕಲ್ ಹತ್ತಿರ ಒಂದು ಆಳವಾದ ನೆಗ್ಗು. ನಾನು ಎಲ್ಲವನ್ನೂ ಚೆನ್ನಾಗಿ ಬರೆದುಕೊಂಡೆ. ಫಾರಂನಲ್ಲಿ ಪಾಲಿಶ್ ಅಂತ ಒಂದು ಚೌಕ ಇತ್ತು. ಕೇಳದೆ ಟಿಕ್ ಹಾಕಿದೆ. ಸರ್ವಿಸ್ ಜೊತೆ ಅದು ಉಚಿತ, ಖುಷಿಯಾಗುತ್ತದೆ ಅಂತ ಅಂದುಕೊಂಡೆ. ಅವನು ಓದದೆ ಸಹಿ ಹಾಕಿದ.

ಆರು ವಾರದ ಮೇಲೆ ಬಂದ. ವಾಚು ಹೊಸದರ ಹಾಗೆ ಹೊಳೆಯುತ್ತಿತ್ತು. ನಾನು ನಗುತ್ತಾ ಟ್ರೇ ಮುಂದಿಟ್ಟೆ. ಅವನು ಕೈಗೆ ತೆಗೆದುಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಮತ್ತೆ ಆಡಿಸಿದ. "ಗೀರು ಎಲ್ಲಿ?" ಅಂದ. ವಾಚು ಅವನ ಅಪ್ಪನದಾಗಿತ್ತು. ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಆ ನೆಗ್ಗು ಇವನು ಸಣ್ಣವನಿದ್ದಾಗ ಇವನನ್ನು ಸೈಕಲ್ ಮೇಲಿಂದ ಬೀಳದ ಹಾಗೆ ಹಿಡಿಯಲು ಹೋಗಿ ಅಪ್ಪನ ಕೈ ಗೋಡೆಗೆ ತಾಗಿದಾಗ ಆದದ್ದು. ಪಾಲಿಶ್ ಅಂದರೆ ಲೋಹವನ್ನು ಉಜ್ಜಿ ತೆಗೆಯುವುದು. ತೆಗೆದದ್ದನ್ನು ವಾಪಸ್ ಹಾಕಲು ಆಗುವುದಿಲ್ಲ. ಅವನು ಕೂಗಾಡಲಿಲ್ಲ. ವಾಚನ್ನು ಕೈಗೆ ಕಟ್ಟಿಕೊಳ್ಳದೆ ಜೇಬಿನಲ್ಲಿ ಇಟ್ಟುಕೊಂಡು ಹೋದ. ಮತ್ತೆ ಬರಲಿಲ್ಲ.

ಇದಾಗಿ 14 ವರ್ಷವಾಯಿತು. ಆ ಹೆಬ್ಬೆರಳು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತಿನಿಂದ ನಾನು ಪ್ರತಿ ಗಿರಾಕಿಗೂ ಒಂದು ಪ್ರಶ್ನೆ ಕೇಳುತ್ತೇನೆ: "ಇದರಲ್ಲಿ ಯಾವುದನ್ನು ಮುಟ್ಟಬಾರದು?" ನನ್ನ ಸ್ಟೋರ್‌ನ ಫಾರಂನಲ್ಲಿ ಈಗ ಅದೇ ಮೊದಲ ಸಾಲು. ರಿಪೇರಿಗಿಂತ ಮುಂಚೆ ಅದು. ಜನ ಕೊಡುವ ಉತ್ತರ ಕೇಳಬೇಕು ನೀವು. ಒಳಗಿನ ಲೈನಿಂಗ್‌ಗೆ ಹತ್ತಿದ ಸೆಂಟಿನ ವಾಸನೆ ಹೋಗಬಾರದು ಅನ್ನುತ್ತಾರೆ. ಬೆಲ್ಟಿನ ನಾಲ್ಕನೇ ತೂತು ಅಮ್ಮ ಮೊಳೆಯಿಂದ ಹೊಡೆದದ್ದು, ಅದು ಓರೆಯಾಗಿದೆ, ಹಾಗೇ ಇರಲಿ ಅನ್ನುತ್ತಾರೆ. ಒಂದೇ ಬ್ಯಾಗ್ ಇಟ್ಟರೆ ಬಾಡಿಗೆ ಹೇಗೆ ಹುಟ್ಟುತ್ತದೆ ಅಂತ ಬಸ್ ಸ್ಟಾಪಿನಲ್ಲಿ ಅಂದುಕೊಂಡಿದ್ದೆನಲ್ಲ, ಈ ವಸ್ತುಗಳಿಗೆ ಜನ ಯಾಕೆ ಇಷ್ಟು ಕೊಡುತ್ತಾರೆ ಅನ್ನುವ ಉತ್ತರ ಈ ಫಾರಂಗಳಲ್ಲಿ ಸಿಕ್ಕಿತು. ಶೋರೂಮಿನ ಹೊಸ ಬ್ಯಾಗು ನೋಡಿ ಅದು ತಿಳಿಯುತ್ತಿರಲಿಲ್ಲ.

ಮೇಲಿನ ಮಹಡಿಗೆ ನನ್ನನ್ನು ಕರೆದದ್ದು ಸ್ಟಾಕ್ ಲೆಕ್ಕದ ದೆಸೆಯಿಂದ. ವರ್ಷದ ಕೊನೆಯ ಎಣಿಕೆಯಲ್ಲಿ ಮೂರು ಬ್ಯಾಗು ಕಡಿಮೆ ಬಂದವು. ಈ ವ್ಯಾಪಾರದಲ್ಲಿ ಒಂದು ಬ್ಯಾಗು ಕಾಣೆಯಾದರೂ ಎಲ್ಲರ ಮುಖ ಬಿಳಿಚುತ್ತದೆ. ಎರಡು ದಿನ ಹುಡುಕಿದರು. ನಾನು ರಿಪೇರಿ ರಿಜಿಸ್ಟರ್ ತಂದು ಸೀರಿಯಲ್ ನಂಬರ್ ಒಂದೊಂದಾಗಿ ತಾಳೆ ನೋಡಿದೆ. ಮೂರೂ ಡಿಸ್‌ಪ್ಲೇಯಲ್ಲಿ ಗೀರಾದವು. ವರ್ಕ್‌ಶಾಪಿಗೆ ಹೋಗಿದ್ದವು. ಸ್ಟಾಕ್ ಪುಸ್ತಕದಲ್ಲಿ ಯಾರೂ ಬರೆದಿರಲಿಲ್ಲ. ಆರು ವರ್ಷ ಮಾಡಿದ ಲೆಕ್ಕದ ಕೆಲಸ ನೀರಿಗೆ ಹೋಯಿತು ಅಂದುಕೊಂಡಿದ್ದೆ. ಹೋಗಿರಲಿಲ್ಲ. ಮುಂದಿನ ತಿಂಗಳು ಸ್ಟಾಕ್ ಜವಾಬ್ದಾರಿ ಕೊಟ್ಟರು, ಅದರ ಮುಂದಿನ ವರ್ಷ ಸೇಲ್ಸ್ ಫ್ಲೋರ್.

ಫ್ಲೋರ್‌ನಲ್ಲಿ ನಿಲ್ಲುವವರು ಮಾರಾಟದ ಮಾತು ಕಲಿಯುತ್ತಾರೆ. ಮ್ಯಾನೇಜರ್ ಆಗಬೇಕಾದರೆ ಅಂಕಿ ಓದಲು ಬರಬೇಕು. ಉದಾಹರಣೆಗೆ, ಒಂದು ದಿನ 200 ಜನ ಒಳಗೆ ಬಂದರು, 30 ಬಿಲ್ ಆಯಿತು ಅಂತ ಇಟ್ಟುಕೊಳ್ಳಿ. ಕನ್ವರ್ಷನ್, ಅಂದರೆ ಬಂದವರಲ್ಲಿ ಕೊಂಡವರ ಪಾಲು, ನೂರಕ್ಕೆ 15. ಆ 30 ಬಿಲ್ಲಿನಲ್ಲಿ 36 ವಸ್ತು ಹೋದರೆ ಒಂದು ಬಿಲ್ಲಿಗೆ 1.2. ಈಗ ವ್ಯಾಪಾರ ಕಡಿಮೆಯಾಗಿದೆ ಅಂದರೆ ಯಾಕೆ ಅಂತ ಕೇಳಬೇಕು. ಬಾಗಿಲು ದಾಟುವವರು ಕಡಿಮೆಯಾದರೋ? ಬಂದವರನ್ನು ಯಾರೂ ಮಾತನಾಡಿಸಲಿಲ್ಲವೋ? ಕೊಂಡವರಿಗೆ ಎರಡನೇ ವಸ್ತು ತೋರಿಸಲಿಲ್ಲವೋ? ಮೂರಕ್ಕೂ ಮದ್ದು ಬೇರೆ ಬೇರೆ. ನಮ್ಮಲ್ಲಿ ಮಧ್ಯಾಹ್ನ 1ರಿಂದ 3ರವರೆಗೆ ಕನ್ವರ್ಷನ್ ಬೀಳುತ್ತಿತ್ತು. ಗಿರಾಕಿಗಳು ಸರಿಯಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ನಾನು ಡ್ಯೂಟಿ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಆ ಹೊತ್ತಿಗೆ ಅರ್ಧ ಜನ ಊಟಕ್ಕೆ ಹೋಗಿರುತ್ತಿದ್ದರು. ಊಟದ ಸರದಿ ಬದಲಾಯಿಸಿದೆವು, ಅಂಕಿ ಮೇಲೆ ಬಂತು.

ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆ ಖಾಲಿಯಾದಾಗ ನಾನೇ ಹೋಗಿ ಕೇಳಿದೆ. ಕೊಡಲಿಲ್ಲ. "ನಿಮಗೆ ಇನ್ನೂ ಸ್ವಲ್ಪ ಪಳಗಬೇಕು" ಅಂದರು. ಪಳಗುವುದು ಅಂದರೆ ಏನು? ಬೇಜಾರಾಯಿತು, ಆದರೆ ಸುಮ್ನೆ ಎದ್ದು ಬರಲಿಲ್ಲ. ಯಾವ ಯಾವ ವಿಷಯದಲ್ಲಿ ಅಂತ ಬರೆದು ಕೊಡಿ ಅಂತ ಕೇಳಿದೆ. ಅವರಿಗೆ ಆಶ್ಚರ್ಯವಾಯಿತು. ಕೊನೆಗೆ ನಾಲ್ಕು ಸಾಲು ಬರೆದುಕೊಟ್ಟರು. ಬಜೆಟ್, ಹೊಸಬರ ತರಬೇತಿ, ಕಿಟಕಿ ಅಲಂಕಾರದ ಯೋಜನೆ, ದೊಡ್ಡ ಗಿರಾಕಿಗಳ ಜೊತೆ ಓಡಾಟ. ಒಂದು ವರ್ಷ ಒಂದೊಂದನ್ನೇ ಕಲಿತೆ. ಅದೇ ಕಾಗದ ಹಿಡಿದು ಮತ್ತೆ ಹೋದೆ. ಈ ಸಲ ಇಲ್ಲ ಅನ್ನಲು ಅವರಿಗೆ ಕಾರಣ ಇರಲಿಲ್ಲ. ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ ಕೈ ಹಿಡಿದು ಹೇಳುತ್ತೇನೆ, ಬಾಯಿಮಾತಿನಲ್ಲಿ ಬಂದ "ಇಲ್ಲ" ಅನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಆ ದಿನಗಳಲ್ಲೇ ಒಬ್ಬ ತರಬೇತುದಾರರು ಒಂದು ಮಾತು ಹೇಳಿದ್ದರು, "ಲಕ್ಷುರಿ ಅನ್ನುವುದು ಹುಟ್ಟಿನಿಂದ ಬರಬೇಕು, ಹೊರಗಿನವರಿಗೆ ಅದು ಒಗ್ಗುವುದಿಲ್ಲ." ನನಗೆ ರಾತ್ರಿ ನಿದ್ದೆ ಬರಲಿಲ್ಲ. ಈ ಬ್ರ್ಯಾಂಡ್‌ಗಳನ್ನು ಕಟ್ಟಿದವರು ಯಾರು ಅಂತ ಓದಲು ಶುರು ಮಾಡಿದೆ. ಲೂಯಿ ವಿಟಾನ್ ಅನ್ನುವ ಹುಡುಗ ಜೂರಾ ಬೆಟ್ಟಗಳ ಹಳ್ಳಿಯಿಂದ 13ನೇ ವಯಸ್ಸಿನಲ್ಲಿ ಮನೆ ಬಿಟ್ಟು, ಕೂಲಿನಾಲಿ ಮಾಡುತ್ತಾ ನಡೆದುಕೊಂಡೇ 1837ರಲ್ಲಿ ಪ್ಯಾರಿಸ್ ತಲುಪಿದ. ಪ್ರಯಾಣದ ಪೆಟ್ಟಿಗೆಗಳ ಸ್ವಂತ ಅಂಗಡಿ ಇಟ್ಟದ್ದು 1854ರಲ್ಲಿ. ಅದೇ 1837ರಲ್ಲಿ ಪ್ಯಾರಿಸ್‌ನಲ್ಲಿ ಕುದುರೆ ಸಾಮಾನಿನ ವರ್ಕ್‌ಶಾಪ್ ತೆರೆದ ತಿಯೆರಿ ಎರ್ಮೆಸ್ ಹುಟ್ಟಿದ್ದು ಈಗಿನ ಜರ್ಮನಿಯ ಕ್ರೆಫೆಲ್ಡ್‌ನಲ್ಲಿ. ಪ್ಯಾರಿಸ್ ಫ್ಯಾಷನ್ನಿನ ತಂದೆ ಅಂತ ಕರೆಸಿಕೊಂಡ ಚಾರ್ಲ್ಸ್ ಫ್ರೆಡರಿಕ್ ವರ್ತ್ ಇಂಗ್ಲೆಂಡಿನವನು. ಪ್ಯಾರಿಸ್‌ಗೆ ಬಂದು ಬಟ್ಟೆ ಅಂಗಡಿಯಲ್ಲಿ ಮಾರಾಟದ ಕೆಲಸಕ್ಕಿದ್ದ. ವಾಚಿಗೆ ಹೆಸರಾದ ಪಾಟೆಕ್, ಪೋಲೆಂಡಿನ ದಂಗೆ ಸೋತ ಮೇಲೆ ದೇಶ ಬಿಟ್ಟು ಜಿನೀವಾ ಸೇರಿದವನು. 1839ರಲ್ಲಿ ಕಂಪನಿ ಶುರು ಮಾಡಿದ. ರೋಲೆಕ್ಸ್ ಕಟ್ಟಿದ ಹಾನ್ಸ್ ವಿಲ್ಸ್‌ಡಾರ್ಫ್ ಜರ್ಮನಿಯವನು, 1905ರಲ್ಲಿ ವ್ಯಾಪಾರ ಶುರು ಮಾಡಿದ್ದು ಲಂಡನ್‌ನಲ್ಲಿ. ರೋಮ್‌ನಲ್ಲಿ 1884ರಲ್ಲಿ ಒಡವೆ ಅಂಗಡಿ ಇಟ್ಟ ಬುಲ್ಗಾರಿ ಗ್ರೀಕ್ ಅಕ್ಕಸಾಲಿಗ. ಹೆಲೆನಾ ರೂಬಿನ್‌ಸ್ಟೈನ್ ಪೋಲೆಂಡಿನ ಕ್ರಾಕೋವ್‌ನ ಹೆಣ್ಣುಮಗಳು. ಆಸ್ಟ್ರೇಲಿಯಾಕ್ಕೆ ಹೋಗಿ, ಮೆಲ್ಬರ್ನ್‌ನಲ್ಲಿ ಮುಖಕ್ಕೆ ಹಚ್ಚುವ ಕ್ರೀಮ್ ಮಾರಿ, ಅಲ್ಲಿಂದ ಲಂಡನ್, ಪ್ಯಾರಿಸ್, ನ್ಯೂಯಾರ್ಕ್‌ವರೆಗೆ ಹೋದಳು.

ಹೊರಗಿನವರಿಗೆ ಒಗ್ಗುವುದಿಲ್ಲವಂತೆ! ಇಡೀ ಬೀದಿಯೇ ಹೊರಗಿನಿಂದ ಬಂದವರ ಹೆಸರಿನಲ್ಲಿ ನಿಂತಿದೆ. ಇವರಲ್ಲಿ ಎಷ್ಟೋ ಜನ ಶುರು ಮಾಡಿದ್ದು ಪೆಟ್ಟಿಗೆ ತುಂಬುವ, ಜೀನು ಹೊಲಿಯುವ, ಬಟ್ಟೆ ಅಳೆಯುವ ಕೆಲಸದಿಂದ. ಆಮೇಲೆ 2022ರ ಜನವರಿಯಲ್ಲಿ, ಕೊಲ್ಹಾಪುರದಲ್ಲಿ ಹುಟ್ಟಿದ ಲೀನಾ ನಾಯರ್ ಫ್ರೆಂಚ್ ಫ್ಯಾಷನ್ ಕಂಪನಿ ಶನೆಲ್‌ನ ಜಾಗತಿಕ ಸಿಇಒ ಆದರು. ಅದಕ್ಕೆ ಮುಂಚೆ ಸುಮಾರು 30 ವರ್ಷ ಯೂನಿಲಿವರ್‌ನಲ್ಲಿದ್ದವರು, ಫ್ಯಾಷನ್ ಮನೆತನದಲ್ಲಿ ಬೆಳೆದವರಲ್ಲ. ಆ ಸುದ್ದಿ ಓದಿದ ದಿನ ನಾನು ಸ್ಟಾಕ್ ರೂಮಿನಲ್ಲಿದ್ದೆ. ಕಣ್ಣು ತುಂಬಿ ಬಂತು. ಪೆಟ್ಟಿಗೆಗಳ ನಡುವೆ ಸ್ವಲ್ಪ ಹೊತ್ತು ಕೂತು ಆಮೇಲೆ ಹೊರಗೆ ಬಂದೆ.

ಕಷ್ಟ ಇಲ್ಲ ಅಂತ ಹೇಳುವುದಿಲ್ಲ. ದಿನಕ್ಕೆ ಎಂಟು ಒಂಬತ್ತು ಗಂಟೆ ನಿಲ್ಲಬೇಕು. ಹಬ್ಬ, ಶನಿವಾರ, ಭಾನುವಾರ ಎಲ್ಲರಿಗೂ ರಜೆ ಇದ್ದಾಗ ನಮಗೆ ಕೆಲಸ ಜಾಸ್ತಿ. ಮಗಳ ಶಾಲೆಯ ಎಷ್ಟೋ ಕಾರ್ಯಕ್ರಮ ನಾನು ವಿಡಿಯೋದಲ್ಲೇ ನೋಡಿದ್ದೇನೆ. ಆ ಬೇಸರ ಹೋಗುವುದಿಲ್ಲ. ಹೆಸರಿನ ವಿಷಯವೂ ಇದೆ. ಉಚ್ಚರಿಸಲು ಕಷ್ಟ ಅಂತ ಮೊದಲ ಕೆಲಸದಲ್ಲಿ ನನ್ನ ಹೆಸರನ್ನು ಗಿಡ್ಡ ಮಾಡಿ ಬ್ಯಾಡ್ಜ್ ಮೇಲೆ ಹಾಕಿದ್ದರು. ಮ್ಯಾನೇಜರ್ ಆದ ದಿನ ಪೂರ್ತಿ ಹೆಸರಿನ ಬ್ಯಾಡ್ಜ್ ಮಾಡಿಸಿಕೊಂಡೆ. ನಾಲ್ಕು ಅಕ್ಷರ, ಎಲ್ಲರೂ ಒಂದು ವಾರದಲ್ಲಿ ಕಲಿತರು.

ನನ್ನ ಸ್ಟೋರ್‌ನಲ್ಲಿ ಒಂದು ವಿಷಯಕ್ಕೆ ನಾನು ಯಾರನ್ನೂ ಕ್ಷಮಿಸುವುದಿಲ್ಲ. ಬಾಗಿಲಲ್ಲಿ ಬಂದವರನ್ನು ಅಡಿಯಿಂದ ಮುಡಿಯವರೆಗೆ ಅಳೆಯುವ ಹಾಗೆ ನೋಡುವುದು. ಆ ನೋಟ ಮೈಮೇಲೆ ಬಿದ್ದರೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಹೋದ ವರ್ಷ ಒಂದು ಸಂಜೆ ಹೊರಗೆ ಕಿಟಕಿಯ ಜೋಡಣೆ ನೋಡುತ್ತಾ ನಿಂತಿದ್ದೆ. ವಯಸ್ಸಾದ ಗಂಡ ಹೆಂಡತಿ ಬಂದು ಗಾಜಿನ ಮುಂದೆ ನಿಂತರು. ಕಿವಿಗೆ ಕನ್ನಡ ಬಿತ್ತು.

"ಒಳಗೆ ಹೋಗಿ ನೋಡೋಣ್ವಾ?"

"ಬೇಡ ಕಣೇ, ನಮ್ಮಂಥೋರು ಹೋದ್ರೆ ಏನಂದ್ಕೋತಾರೋ. ಸುಮ್ನೆ ಇಲ್ಲಿಂದ್ಲೇ ನೋಡು."

ನಾನು ಬಾಗಿಲು ತೆರೆದು, "ಒಳಗೆ ಬನ್ನಿ ಅಮ್ಮ, ಬನ್ನಿ ಸರ್. ಸುಮ್ನೆ ನೋಡೋದಕ್ಕೂ ಬರಬಹುದು" ಅಂದೆ. ಆ ಅಮ್ಮ ಬೆಚ್ಚಿ ನನ್ನ ಮುಖ ನೋಡಿದರು, ಬ್ಯಾಡ್ಜ್ ಓದಿದರು, ಆಮೇಲೆ ನನ್ನ ಕೈ ಹಿಡಿದುಕೊಂಡುಬಿಟ್ಟರು. ಇಬ್ಬರನ್ನೂ ಕೂರಿಸಿ, ಕಿಟಕಿಯಲ್ಲಿದ್ದ ಬ್ಯಾಗನ್ನೇ ತಂದು ಟ್ರೇ ಮೇಲಿಟ್ಟೆ. ಭೂತಗನ್ನಡಿ ಕೊಟ್ಟು ಹೊಲಿಗೆ ತೋರಿಸಿದೆ. ಎರಡು ಸೂಜಿಯ ಕಥೆ ಹೇಳಿದೆ. ಅವರ ಯಜಮಾನರು ತುಂಬಾ ಹೊತ್ತು ನೋಡಿ, "ನಮ್ಮಪ್ಪ ಎತ್ತಿನ ಹಗ್ಗಕ್ಕೂ ಹೀಗೇ ಎರಡೂ ಕಡೆಯಿಂದ ಬಿಗೀತಿದ್ದರು" ಅಂದರು. ಏನೂ ಕೊಳ್ಳಲಿಲ್ಲ. ಮುಕ್ಕಾಲು ಗಂಟೆ ಕೂತಿದ್ದರು. ಆ ದಿನದ ಕನ್ವರ್ಷನ್ನಿನಲ್ಲಿ ಅವರಿಬ್ಬರೂ ಕೊಳ್ಳದವರ ಲೆಕ್ಕಕ್ಕೆ ಸೇರಿದರು. ಇರಲಿ. ನನ್ನ ಹುಡುಗರು ಅವತ್ತು ನೋಡಿದರಲ್ಲ, ಗಿರಾಕಿಯನ್ನು ಹೇಗೆ ಕೂರಿಸಬೇಕು ಅಂತ.

ಈಗ ನಿನಗೆ, ತಂಗಿ.

ಸೋಮವಾರ ಸೇರಿಕೋ. ಉಂಗುರ ಮನೆಯಲ್ಲಿ ಬಿಟ್ಟು ಹೋಗು. ಕೌಂಟರ್‌ನ ಡ್ರಾಯರ್‌ನಲ್ಲಿ ಹಳೆಯ ರಿಪೇರಿ ಚೀಟಿಗಳ ಕಟ್ಟು ಇರುತ್ತದೆ. ಬಿಡುವು ಸಿಕ್ಕಾಗ ಅವನ್ನು ಓದು. ಯಾವ ಮಾಡೆಲ್‌ನಲ್ಲಿ ಯಾವ ಭಾಗ ಮೊದಲು ಸವೆಯುತ್ತದೆ ಅಂತ ಮೂರು ತಿಂಗಳಲ್ಲಿ ನಿನಗೆ ಗೊತ್ತಾಗುತ್ತದೆ. ಮೇಲಿನ ಮಹಡಿಯ ಹಳಬರಲ್ಲೂ ಎಷ್ಟೋ ಜನಕ್ಕೆ ಅದು ಗೊತ್ತಿರುವುದಿಲ್ಲ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ದಿನಕ್ಕೆ ಐದು ಹೊಸ ಪದ ಬರಿ. ತಾರೀಖು ಕೇಳಿದರೆ ವರ್ಕ್‌ಶಾಪ್ ಹೇಳಿದ್ದಕ್ಕೆ ಒಂದು ವಾರ ಸೇರಿಸಿ ಹೇಳು. ಬೇಗ ಬಂದರೆ ಫೋನ್ ಮಾಡಿ ತಿಳಿಸಬಹುದು. ಪಾಲಿಶ್ ಚೌಕಕ್ಕೆ ಟಿಕ್ ಹಾಕುವ ಮುಂಚೆ ಕೇಳು. ಯಾವಾಗಲೂ ಕೇಳು.

ಒಂದು ವರ್ಷ ಆದಮೇಲೂ ನಿನ್ನನ್ನು ಅಲ್ಲೇ ಇಟ್ಟಿದ್ದರೆ ನನಗೆ ಹೇಳು, ಯಾವ ಕಾಗದ ಬರೆಸಿಕೊಳ್ಳಬೇಕು ಅಂತ ಕೂತು ಯೋಚಿಸೋಣ. ಅದಕ್ಕೆ ಮುಂಚೆ, ಮೊದಲ ಚೀಟಿ ಬರೆದ ದಿನ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು. ಏನು ರಿಪೇರಿಗೆ ಬಂತು, ಅದರಲ್ಲಿ ಯಾವುದನ್ನು ಮುಟ್ಟಬಾರದು ಅಂದರು, ನನಗೆ ಕೇಳಬೇಕು.